ರೆಸ್ಪಾನ್ಸಿಬಲ್ ಎಲ್ಲಿ ಕೂರಬೇಕು?

ಮನೆಯಿಂದ,
ಹದಿನೆಂಟನೇ ತಾರೀಖು, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಮೈಯಲ್ಲಿ ಹುಷಾರಾಗಿದ್ದೀಯಾ? ಕೆಮ್ಮು ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದು ನೀನು ಹೋದ ಕಾಗದದಲ್ಲಿ ಬರೆದಿದ್ದೆ. ಗುಡ್ಡದ ತುದಿಯಲ್ಲಿ ಕೂತು ಗಾಳಿ ಎಷ್ಟು, ಥಂಡಿ ಎಷ್ಟು ಎಂದು ಅಳೆದು ಲೋಕಕ್ಕೆಲ್ಲ ಹೇಳುತ್ತೀಯ. ನಿನ್ನ ಎದೆಗೆ ಸ್ವೆಟರು ಬೇಕೋ ಬೇಡವೋ ಎಂಬುದು ಮಾತ್ರ ನಿನಗೆ ತಿಳಿಯುವುದಿಲ್ಲ. ನಾನು ಹೊಲಿದುಕೊಟ್ಟ ದಪ್ಪ ಒಳಅಂಗಿ ಪೆಟ್ಟಿಗೆಯ ತಳದಲ್ಲೇ ಇರಬೇಕು. ತೆಗೆದು ಹಾಕಿಕೋ. ಆ ಹವಾಮಾನ ಕೇಂದ್ರಕ್ಕೆ ಫೋನಿನ ತಂತಿ ಯಾವ ಕಾಲಕ್ಕೆ ಬರುತ್ತದೋ ಗೊತ್ತಿಲ್ಲ. ದಿನಸಿ ತರುವ ಜೀಪು ಸಂಜೆ ಹೊರಡುತ್ತದಂತೆ, ಅದರ ಡ್ರೈವರನ ಕೈಗೆ ಇದನ್ನು ಕೊಡುತ್ತೇನೆ. ನಡುವೆ ಕೈಬರಹ ಕೆಟ್ಟಿದ್ದರೆ ಕಣ್ಣಿನ ದೋಷ ಎಂದುಕೊಳ್ಳಬೇಡ, ಸಿಟ್ಟಿನ ದೋಷ.

ನಿಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಕೆಟ್ಟಿರುವುದು ನನ್ನ ತಲೆ. ಅದನ್ನು ಕೆಡಿಸಿದ್ದು ಇಂಗ್ಲಿಷು. ಆ ಇಂಗ್ಲಿಷನ್ನು ನಮ್ಮ ಅಡುಗೆಮನೆಯ ಮಣೆಯ ಮೇಲೆ ಕೂರಿಸಿ ಹೋದವಳು ನೀನು. ಆದ್ದರಿಂದ ನಡೆದದ್ದನ್ನೆಲ್ಲ ನೀನು ಓದಲೇಬೇಕು, ನಡುವೆ ಎದ್ದು ಹೋಗಬಾರದು.

ನೀನು ಹೊರಡುವ ಮುಂಚೆ ನಡೆದ ಬಸ್ಸಿನ ಜಗಳ ನೆನಪಿದೆ ತಾನೇ? ಇಂಗ್ಲಿಷಿನಲ್ಲಿ 'ಬಿಗ್ ರೆಡ್ ಬಸ್' ಎನ್ನಬೇಕು, 'ರೆಡ್ ಬಿಗ್ ಬಸ್' ಎನ್ನಬಾರದು ಎಂದು ನೀನು, "ಕೆಂಪಗಿರೋ ದೊಡ್ಡ ಬಸ್ಸಿಗೂ ದೊಡ್ಡದಾಗಿರೋ ಕೆಂಪು ಬಸ್ಸಿಗೂ ಟಿಕೆಟ್ ಒಂದೇ ಅಲ್ವೇನೇ?" ಎಂದು ನಿಮ್ಮಮ್ಮ. ಮೊದಲು ಅಳತೆ, ಆಮೇಲೆ ಬಣ್ಣ, ಆಮೇಲೆ ಯಾವುದರಿಂದ ಮಾಡಿದ್ದು ಅನ್ನೋದು, ಕೊನೆಗೆ ವಸ್ತು ಎಂದು ನೀನು ಬರೆದುಕೊಟ್ಟದ್ದನ್ನು ಅವಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ತಾನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಯ ಕಪಾಟುಗಳಿಗೆಲ್ಲ 'ಲಾರ್ಜ್ ವೈಟ್ ಕಾಟನ್ ಶೀಟ್' ಎಂದು ತಾನೇ ಬರೆದು ಅಂಟಿಸಿದಳು. ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮನೆ ತಣ್ಣಗಿರುತ್ತಿತ್ತು. ಆದರೆ ನೀನು ಹೊರಡುವ ದಿನ ಅವಳ ರಜೆ ಅರ್ಜಿಯ ಮೇಲೆ 'ಟು ದಿ ಆಫೀಸರ್ ಕನ್ಸರ್ನ್ಡ್' ಎಂದು ಬರೆದೆ. ಅವಳು ಬಿಡುತ್ತಾಳೆಯೇ? ಸಂಬಂಧಪಟ್ಟ ಅಧಿಕಾರಿ ಎಂದಾದರೆ ಇಲ್ಲಿ ಮಾತ್ರ 'ಕನ್ಸರ್ನ್ಡ್' ಯಾಕೆ ಆಫೀಸರ್ ಪದದ ಹಿಂದಕ್ಕೆ ಹೋಯಿತು ಎಂದು ಕೇಳಿದಳು. ನೀನು ಒಂದು ಕೈಯಲ್ಲಿ ಚೀಲದ ಜಿಪ್ಪು ಎಳೆಯುತ್ತಾ, "ಕೆಲವು ಹಿಂದೆ ಬರುತ್ತಮ್ಮ, ಆಫೀಸು ಭಾಷೆ ಅದು" ಎಂದು ಹೇಳಿ ಬಸ್ಸು ಹತ್ತಿಬಿಟ್ಟೆ. ಯಾವ ಕೆಲವು, ಯಾಕೆ ಹಿಂದೆ? ಹೇಳುವವರು ಯಾರೂ ಇರಲಿಲ್ಲ. ನಿಮ್ಮಮ್ಮ ತಾನೇ ಒಂದು ಸೂತ್ರ ಕಂಡುಹಿಡಿದಳು. ನಮ್ಮಲ್ಲಿ ಮರ್ಯಾದೆ ಹಿಂದಿನಿಂದ ಬರುತ್ತದಲ್ಲ, ಮೇಷ್ಟ್ರು ಎಂದ ಮೇಲೆ 'ಅವರು', ಅತ್ತೆ ಎಂದ ಮೇಲೆ 'ಅವರು'. ಇಂಗ್ಲಿಷಿನವರೂ ಮರ್ಯಾದೆ ಕೊಡಬೇಕಾದಾಗ ಗುಣವನ್ನು ಹೆಸರಿನ ಹಿಂದೆ ಇಡುತ್ತಾರೆ ಎಂದು. ನನಗೂ ಅದು ಸರಿ ಎನಿಸಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಕೇಳುವುದು ಬೇಡ.

ಈಗ ನಡೆದದ್ದು ಕೇಳು. ಹೋಟೆಲಿಗೆ ಡಾಕ್ಟರುಗಳ ದೊಡ್ಡ ತಂಡವೊಂದು ಬರುವುದಿತ್ತು. ಎರಡು ಮಹಡಿಯ ಬಿಳೀ ಹಾಸುಬಟ್ಟೆಗಳು, ದಿಂಬಿನ ಕವರುಗಳು ಎಲ್ಲ ಒಗೆದು ಸಿದ್ಧವಾಗಬೇಕಿತ್ತು. ನೆಲಮಾಳಿಗೆಯ ದೊಡ್ಡ ಮೆಷಿನ್ನಿನ ಬಾಗಿಲು ತೆಗೆದರೆ ಒಳಗಿದ್ದದ್ದೆಲ್ಲ ನೀಲಿ. ಆಕಾಶದ ನೀಲಿಯೂ ಅಲ್ಲ, ಇಂಕು ಚೆಲ್ಲಿದ ಮೇಲೆ ಗಾಬರಿಯಲ್ಲಿ ಒರೆಸಿದ ನೀಲಿ. ನಡುವೆ ಒಂದು ಹೊಚ್ಚ ಹೊಸ ನೀಲಿ ಏಪ್ರನ್ನು ಸುರುಳಿ ಸುತ್ತಿಕೊಂಡು ಕೂತಿತ್ತಂತೆ. ಲಾಂಡ್ರಿಯವರಿಗೆಲ್ಲ ಆ ವಾರವಷ್ಟೇ ಹೊಸ ಏಪ್ರನ್ನು ಕೊಟ್ಟಿದ್ದರು, ಯಾವುದರ ಮೇಲೂ ಹೆಸರಿಲ್ಲ. ಡಾಕ್ಟರುಗಳು ಬಂದು ನೋಡಿದರೆ ಹಾಸಿಗೆಗೆ ಹಾಸಲು ಬಟ್ಟೆ ಇಲ್ಲ! ಮ್ಯಾನೇಜರನು ಬೇರೆ ಹೋಟೆಲಿನಿಂದ ಕಡ ತಂದು ಮಾನ ಉಳಿಸಿಕೊಂಡನಂತೆ. ಆಮೇಲೆ ಶಿಫ್ಟಿನ ಇನ್‌ಚಾರ್ಜ್ ಆದ ನಿಮ್ಮಮ್ಮನನ್ನು ಕರೆದು, ಏನಾಯಿತು, ಯಾರಿಂದ ಆಯಿತು, ಬರೆದು ಕೊಡಿ ಎಂದ.

ಕನ್ನಡದಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಹಿಂದೊಮ್ಮೆ ಅವಳು ಕನ್ನಡದಲ್ಲಿ ಬರೆದುಕೊಟ್ಟ ಚೀಟಿಯನ್ನು, ಕನ್ನಡ ಮಾತಾಡಿದರೂ ಓದಲು ಬಾರದ ಆ ಮ್ಯಾನೇಜರನು ಮುಂಬಾಗಿಲಿನ ರಿಸೆಪ್ಷನ್ ಹುಡುಗಿಗೆ ಕೊಟ್ಟಿದ್ದನಂತೆ, ಅವಳು ಅದನ್ನು ಗಿರಾಕಿಗಳ ಎದುರಿಗೇ ಗಟ್ಟಿಯಾಗಿ ಓದಿದ್ದಳಂತೆ. ಸೋಪಿನ ಪುಡಿ ಮುಗಿದಿದೆ ಎಂಬ ಚೀಟಿ, ಅದರಲ್ಲಿ ಅವಮಾನ ಏನಿದೆ ಎಂದು ನಾನು ಕೇಳಿದ್ದೆ. "ನಿಮಗೆ ಅರ್ಥ ಆಗಲ್ಲ ಬಿಡಿ" ಎಂದಿದ್ದಳು. ಅವತ್ತೇ ಇನ್ನು ಮೇಲೆ ತನ್ನ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದಿಲ್ಲ ಎಂದು ಹಟ ತೊಟ್ಟಿದ್ದಳು ಎಂದು ಕಾಣುತ್ತದೆ. ಹಾಗಾಗಿ ಇಂಗ್ಲಿಷಿನಲ್ಲೇ, ಯಾರನ್ನೂ ಕೇಳದೆ, ಮೂರು ವಾಕ್ಯ ಬರೆದುಕೊಟ್ಟು ಮನೆಗೆ ಬಂದು, ಕಾಲು ಚಾಚಿ ಕೂತು, "ಇವತ್ತು ಎಂಥಾ ಇಂಗ್ಲಿಷ್ ಬರ್ದೆ ಗೊತ್ತಾ? ಮ್ಯಾನೇಜರು ಎರಡು ಸಲ ಓದಿದ್ರು!" ಎಂದಳು. ಎರಡು ಸಲ ಯಾಕೆ ಓದಿದ ಎಂಬುದು ಮಾರನೆಯ ದಿನ ಹೋಟೆಲಿನ ಬಾಗಿಲಲ್ಲೇ ಅವಳನ್ನು ತಡೆದಾಗ ತಿಳಿಯಿತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ, ನೀವೇ ತಪ್ಪು ಒಪ್ಪಿಕೊಂಡಿದ್ದೀರಿ ಎಂದರಂತೆ. ಅವಳ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಾಗಿತ್ತು. ನಾನು ಯಾರದೋ ಕೋಟಿಗೆ ಕಾಲರು ಕೂರಿಸುತ್ತಿದ್ದೆ, ಸೂಜಿ ಬೆರಳಿಗೆ ಇಳಿಯಿತು.

ಅವಳು ಬರೆದದ್ದರ ನಕಲನ್ನು ಎದುರುಮನೆಯ ಟೈಪಿಸ್ಟ್ ಮೇಡಂ ಹತ್ತಿರ ತೆಗೆದುಕೊಂಡು ಹೋದೆವು. ಕೋರ್ಟಿನಲ್ಲಿ ಟೈಪು ಹೊಡೆದೇ ತಲೆ ಬಿಳಿ ಮಾಡಿಕೊಂಡವರು, ನಿನಗೆ ಗೊತ್ತಲ್ಲ. ಕನ್ನಡಕ ಏರಿಸಿ ಓದಿದರು. ಮೊದಲ ವಾಕ್ಯ: 'ಐ ಆ್ಯಮ್ ದಿ ಪರ್ಸನ್ ರೆಸ್ಪಾನ್ಸಿಬಲ್.' ಎರಡನೆಯದು: 'ದಿ ಸ್ಟಾಫ್ ಪ್ರೆಸೆಂಟ್ ಆರ್ ಆಲ್ ಗುಡ್.' ಮೂರನೆಯದು ಮೆಷಿನ್ನು ಹಳೆಯದು ಎಂದು. ಮೇಡಂ ನಿಮ್ಮಮ್ಮನ ಮುಖ ನೋಡಿ, "ನೀವು ಹೇಳ್ಬೇಕು ಅಂದ್ಕೊಂಡಿದ್ದೇನು?" ಎಂದರು. ನಾನು ಜವಾಬ್ದಾರಿಯುಳ್ಳ ಹೆಂಗಸು, ಈಗ ಇರುವ ನಮ್ಮ ಸಿಬ್ಬಂದಿ ಎಲ್ಲ ಒಳ್ಳೆಯವರು, ಮೆಷಿನ್ನಿಗೆ ವಯಸ್ಸಾಗಿದೆ, ಇಷ್ಟೇ ಎಂದಳು ಇವಳು. ಮೇಡಂ ನಿಟ್ಟುಸಿರು ಬಿಟ್ಟರು. "ರೆಸ್ಪಾನ್ಸಿಬಲ್ ಮುಂದೆ ಕೂತ್ರೆ ಅದು ಗುಣ. ನಂಬಬಹುದಾದೋರು ಅಂತ. ಪರ್ಸನ್ ಹಿಂದೆ ಕೂತ್ರೆ, ಈ ಕೆಲಸ ಆಗಿದ್ದು ಇವರಿಂದ್ಲೇ ಅಂತ. ಪ್ರೆಸೆಂಟೂ ಅಷ್ಟೆ. ಮುಂದಿದ್ರೆ ಈಗಿನೋರು, ಹಿಂದಿದ್ರೆ ಆ ಹೊತ್ತಿನಲ್ಲಿ ಅಲ್ಲಿದ್ದೋರು. ಮಾಡಿದ್ದು ನಾನೇ, ಅಲ್ಲಿದ್ದ ಮಿಕ್ಕವರದ್ದೇನೂ ತಪ್ಪಿಲ್ಲ ಅಂತ ಬರ್ದುಕೊಟ್ಟಿದ್ದೀರಿ."

ಪುಟ್ಟಾ, ನನ್ನ ಕೋಪ ನೆತ್ತಿಗೇರಿತು. ಅದೇ ಪದ, ಅದೇ ಅಕ್ಷರ, ಒಂದು ಹೆಜ್ಜೆ ಆಚೆ ಕೂತರೆ ಮರ್ಯಾದಸ್ಥೆ ಅಪರಾಧಿಯಾಗುವುದೇ? ಇದೆಂಥ ಭಾಷೆ? ನಾನು ದರ್ಜಿ. ಗುಂಡಿ ಮುಂದಿದ್ದರೆ ಅಂಗಿ, ಬೆನ್ನಿಗಿದ್ದರೆ ಆಪರೇಷನ್ ಕೋಟು, ಅಷ್ಟು ನನಗೂ ಗೊತ್ತು. ಆದರೆ ಹಾಕಿಕೊಳ್ಳುವವನಿಗೆ ಗುಂಡಿ ಎಲ್ಲಿದೆ ಎಂದು ಕೈಗೆ ತಾಗುತ್ತದೆ. ಇಲ್ಲಿ ತಾಗುವುದು ಕೆಲಸ ಹೋದ ಮೇಲೆ. ತಪ್ಪು ವ್ಯಾಕರಣ ಎಂದು ಬರೆದು ಕೊಡಿ ಮೇಡಂ ಎಂದು ಬೇಡಿಕೊಂಡೆ. "ತಪ್ಪಿದ್ದಿದ್ರೆ ಬರ್ದು ಕೊಡ್ತಿದ್ದೆ. ವಾಕ್ಯ ಸರಿಯಾಗೇ ಇದೆ, ಅದೇ ಕಷ್ಟ. ಹರಕು ಮುರುಕು ಇದ್ದಿದ್ರೆ ಯಾರಿಗಾದ್ರೂ ಅನುಮಾನ ಬರ್ತಿತ್ತು" ಎಂದರು. ನಿಮ್ಮಮ್ಮನಿಗೆ ಅದು ಕೇಳಿ ಒಳಗೊಳಗೇ ಖುಷಿಯಾದದ್ದನ್ನು ನಾನು ನೋಡಿದೆ. ಕೆಲಸ ಹೋಗುವ ಹೊತ್ತಿನಲ್ಲಿ, ವಾಕ್ಯ ಸರಿಯಿದೆಯಂತೆ ಎಂದು ಖುಷಿ! ಹಣೆ ಚಚ್ಚಿಕೊಳ್ಳುವುದು ಬಿಟ್ಟು ನನಗೇನು ದಾರಿ?

ವಿಚಾರಣೆಗೆ ಮನೆಯವರೊಬ್ಬರು ಜೊತೆಗೆ ಬರಬಹುದು ಎಂದಿದ್ದರು. ನಾನು ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ 'ರೆಸ್ಪಾನ್ಸಿಬಲ್ ಪರ್ಸನ್, ರೆಸ್ಪಾನ್ಸಿಬಲ್ ಪರ್ಸನ್' ಎಂದು ಜಪ ಮಾಡಿದೆ. ಪಕ್ಕದಲ್ಲಿದ್ದವನು ಎದ್ದು ಬೇರೆ ಸೀಟಿಗೆ ಹೋದ. ನಿಮ್ಮಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದು ಪದವನ್ನು ಎತ್ತಿ ಮುಂದಿಟ್ಟರೆ ಮುಗಿಯಿತು, ಹೆದರಬೇಡ ಎಂದೆ.

ಹೋಟೆಲಿನ ಮೇಲೆಲ್ಲ ಹೊಳಪು ಕಲ್ಲು, ಕೆಳಗಿಳಿದರೆ ಬಿಸಿ ಹಬೆ, ತೊಟ್ಟಿಕ್ಕುವ ಪೈಪು, ಕಿವಿ ಕಿತ್ತುಹೋಗುವ ಸದ್ದು. ಲಾಂಡ್ರಿಯ ಪಕ್ಕದ ಸಣ್ಣ ಕೋಣೆಯಲ್ಲಿ ಮ್ಯಾನೇಜರ್ ವಿಚಾರಣೆಗೆಂದು ಇಳಿದು ಬಂದು ಕೂತಿದ್ದ. ಕೆಟ್ಟವನೇನಲ್ಲ, ನಿದ್ದೆ ಇಲ್ಲದ ಮುಖ. ನಾನು ಬಾಯಿ ತೆಗೆಯುವ ಮುಂಚೆ ಅವನೇ ಹೇಳಿದ, "ನಿಮ್ಮ ಮನೆಯವ್ರು ಇಷ್ಟು ವರ್ಷದಲ್ಲಿ ಒಂದು ಕರ್ಚೀಫೂ ಕಳ್ಕೊಂಡೋರಲ್ಲ. ಇದನ್ನ ಇವ್ರು ಮಾಡಿದ್ದಾರೆ ಅಂದ್ರೆ ನನಗೇ ನಂಬಿಕೆ ಬರ್ತಿಲ್ಲ. ಬರಿಯೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ನನ್ನ ಎದೆ ಅರಳಿತು. ಬಾಗಿಲು ತಾನಾಗಿ ತೆರೆದಿದೆ, ಒಳಗೆ ಕಾಲಿಡುವುದಷ್ಟೇ ಬಾಕಿ. "ಹೌದು ಸಾರ್, ಒಂದು ಪದ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಅವನು ಒಂದು ಚೀಲದಿಂದ ಆ ಏಪ್ರನ್ನು ತೆಗೆದು ಮೇಜಿನ ಮೇಲೆ ಹರಡಿ, "ಅವರಲ್ಲ ಅಂದ್ರೆ ಸಂತೋಷ. ಆದ್ರೆ ಇದು ಯಾರದ್ದು ಅಂತ ಹೇಳ್ಬೇಕಾಗುತ್ತೆ" ಎಂದ.

ಏಪ್ರನ್ನಿನ ಕೆಳ ಅಂಚನ್ನು ಒಳಗೆ ಮಡಿಸಿ ಹೊಲಿದಿತ್ತು. ಆ ಹೊಲಿಗೆ ನನ್ನದು, ಪುಟ್ಟಾ. ಮೂಲೆಯಲ್ಲಿ ದಾರವನ್ನು ಹಿಂದಕ್ಕೆ ತಿರುಗಿಸಿ ಗಂಟು ಹಾಕುವವನು ಈ ಊರಿನಲ್ಲಿ ನಾನೊಬ್ಬನೇ. ಒಂದು ಸಂಜೆ ನನ್ನ ತಂಗಿ, ನಿನ್ನ ಅತ್ತೆ, ಓಡೋಡಿ ಬಂದು, "ಅಣ್ಣಾ, ನನ್ನ ಎತ್ತರಕ್ಕೆ ಇದು ಕಾಲಿಗೆ ತೊಡರುತ್ತೆ, ಸ್ವಲ್ಪ ಗಿಡ್ಡ ಮಾಡಿಕೊಡು" ಎಂದಿದ್ದಳು. ಅವಳು ಆ ಲಾಂಡ್ರಿಗೆ ಸೇರಿದ್ದು ನೀನು ಹೋದ ಮೇಲೆ, ನಿನಗೆ ತಿಳಿಸಿರಲಿಲ್ಲ. ಗಂಡನ ಮನೆ ಬಿಟ್ಟು ಬಂದ ಮೇಲೆ ನಮ್ಮ ಮನೆಗೂ ಬರಲಾರೆ, ಯಾರ ಹಂಗೂ ಬೇಡ ಎಂದು ಮಾರ್ಕೆಟಿನ ಹಿಂದೆ ಒಂದು ಕೋಣೆ ಹಿಡಿದಿದ್ದಳಲ್ಲ, ಅವಳಿಗೆ ಕೈಯಲ್ಲಿ ಕೆಲಸವಿರಲಿ ಎಂದು ನಿಮ್ಮಮ್ಮನೇ ಮಾತಾಡಿ ಸೇರಿಸಿದ್ದಳು. ಇನ್ನೂ ಕಾಯಂ ಆಗಿರಲಿಲ್ಲ. ಅವಳ ಹೆಸರು ಹೇಳಿದರೆ ಅವತ್ತೇ ಮನೆಗೆ ಕಳಿಸುತ್ತಾರೆ.

ದಾರಿಯುದ್ದಕ್ಕೂ ಜಪಿಸಿದ್ದ ಎರಡು ಪದಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಹೇಳಿದರೆ ಹೆಂಡತಿ ಉಳಿಯುತ್ತಾಳೆ, ತಂಗಿ ಹೋಗುತ್ತಾಳೆ. ಹೇಳದಿದ್ದರೆ ತಂಗಿ ಉಳಿಯುತ್ತಾಳೆ. ಇದಕ್ಕೆ ಯಾವ ವ್ಯಾಕರಣ? ನಾನು ಏಪ್ರನ್ನನ್ನೇ ನೋಡುತ್ತಾ ನಿಂತೆ. ಆಗ ನಿಮ್ಮಮ್ಮ ಏಪ್ರನ್ನನ್ನು ಎಳೆದುಕೊಂಡು, ಅಂಚು ಒಳಗೆ ಹೋಗುವ ಹಾಗೆ ಅಚ್ಚುಕಟ್ಟಾಗಿ ಮಡಿಸಿ, ಮೇಜಿನ ಮೇಲಿಟ್ಟು, "ಸಾರ್, ನಾನು ಬರ್ದಿದ್ದು ಬರ್ದ ಹಾಗೇ ಇರ್ಲಿ. ಅದ್ರಲ್ಲಿ ಹೆಚ್ಚುಕಮ್ಮಿ ಏನಿಲ್ಲ" ಎಂದಳು. ಮ್ಯಾನೇಜರ್ ನನ್ನ ಕಡೆ ತಿರುಗಿ, "ನೀವೇನೋ ಹೇಳ್ತಿದ್ರಿ?" ಎಂದ. ನಾನು, "ಏನಿಲ್ಲ ಸಾರ್, ಅವಳ ಇಂಗ್ಲಿಷು ಚೆನ್ನಾಗಿದೆ" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ನಗಬೇಡ.

ಬೀದಿಗೆ ಬಂದ ಮೇಲೆ ನನಗೆ ಮೈಯೆಲ್ಲ ಉರಿ. ಏಪ್ರನ್ನು ಅವಳದ್ದೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು ನಿಮ್ಮಮ್ಮನನ್ನು ಕೇಳಿದೆ. "ನಿಮ್ಮ ಹೊಲಿಗೆ ನನಗೆ ಗೊತ್ತಾಗಲ್ವಾ? ಮೆಷಿನ್ನಿಂದ ಎಳೆದ ತಕ್ಷಣ ಗೊತ್ತಾಯ್ತು. ಅದಕ್ಕೇ ಯಾರ ಹೆಸರೂ ಹೇಳದೆ, ನಾವೆಲ್ಲಾ ಒಳ್ಳೆಯೋರು, ಮೆಷಿನ್ ಹಳೇದು ಅಂತ ಮುಗಿಸಿಬಿಡೋಣ ಅಂದ್ಕೊಂಡೆ. ಇಂಗ್ಲಿಷು ಕೈ ಕೊಡ್ತು" ಎಂದಳು. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರೆ ನೀವು ಅವಳ ಬಾಗಿಲಲ್ಲಿ ನಿಂತು ಕೂಗಾಡ್ತಿದ್ರಿ. ಆಮೇಲೆ ಅವಳು ನಮ್ಮ ಹೊಸಿಲು ತುಳಿಯೋಳಲ್ಲ." ನಾನು ಕೂಗಾಡುವವನಲ್ಲ ಎಂದು ಬೀದಿಯಲ್ಲೇ ಇನ್ನೂ ಜೋರಾಗಿ ಕೂಗಿದೆ.

ನಿಮ್ಮಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಇನ್‌ಚಾರ್ಜ್ ಸ್ಥಾನ ಕಿತ್ತುಕೊಂಡು ಬಟ್ಟೆ ಮಡಿಸುವ ಮೇಜಿಗೆ ಹಾಕಿದರು. ತಾನು ಕೆಲಸ ಕಲಿಸಿದವರಿಂದಲೇ ಮಡಿಕೆ ಸರಿಯಿಲ್ಲ ಎಂದು ಅನ್ನಿಸಿಕೊಂಡು ಬರುತ್ತಿದ್ದಳು. ಬಂದವಳು ನನ್ನ ಮೇಲೆ ಹಾಯುವಳು. ಅತ್ತ ನಿನ್ನ ಅತ್ತೆ ದಿನಾ ಸಂಜೆ ಬಾಳೆಹಣ್ಣು ಹಿಡಿದುಕೊಂಡು ಬಂದು, ಗೋಡೆಗೊರಗಿ ಕೂತಿದ್ದು ಎದ್ದು ಹೋಗುವಳು. ನಿಮ್ಮಮ್ಮ ಅವಳಿಗೆ ಕಾಫಿ ಕೊಟ್ಟು ಮಳೆ ಬಿಸಿಲಿನ ಮಾತಾಡುವಳು. ಮನೆ ತುಂಬ ಬಾಳೆಹಣ್ಣು. ಇಬ್ಬರ ನಡುವೆ ನಾನು ಕತ್ತರಿ ಹಿಡಿದು, ತುಟಿ ಹೊಲಿದುಕೊಂಡು ಕೂತಿರಬೇಕು. ಗಿರಾಕಿಯ ಪ್ಯಾಂಟೊಂದರ ಎರಡೂ ಕಾಲನ್ನು ಒಟ್ಟಿಗೆ ಸೇರಿಸಿ ಹೊಲಿದುಬಿಟ್ಟೆ ಎಂದರೆ ನನ್ನ ಸ್ಥಿತಿ ಊಹಿಸಿಕೋ.

ಮೊನ್ನೆ ಈ ಗುಟ್ಟು ಒಡೆಯಿತು. ಹೊಸ ಇನ್‌ಚಾರ್ಜ್, ನಿಮ್ಮಮ್ಮ ಮಡಿಸಿಟ್ಟ ರಾಶಿಯನ್ನು ಎಲ್ಲರೆದುರಿಗೆ ಕೆಡವಿ, ಮತ್ತೆ ಮಡಿಸಿ ಎಂದಳಂತೆ. ನಿಮ್ಮಮ್ಮ ಬಗ್ಗಿ ಎತ್ತಿಕೊಳ್ಳುತ್ತಿದ್ದಳಂತೆ. ನಿನ್ನ ಅತ್ತೆ ಮೆಷಿನ್ನನ್ನು ನಿಲ್ಲಿಸಿ, ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಮ್ಯಾನೇಜರನ ಬಾಗಿಲಲ್ಲಿ ನಿಂತಳು. "ಆ ಏಪ್ರನ್ನು ನಂದು ಸಾರ್. ಒದ್ದೆ ಆಗಿತ್ತು ಅಂತ ಬಿಚ್ಚಿ ಬಟ್ಟೆ ತಳ್ಳೋ ಗಾಡೀಲಿ ಹಾಕಿದ್ದೆ, ನೋಡದೆ ಮೆಷಿನ್ನಿಗೆ ತಳ್ಳಿದ್ದೂ ನಾನೇ. ನಮ್ಮ ಅತ್ತಿಗೆದು ಏನೂ ಇಲ್ಲ." ಅವನು ತಲೆಯ ಮೇಲೆ ಕೈಹೊತ್ತು, ಇದನ್ನೂ ಬರೆದು ಕೊಡಿ ಎಂದನಂತೆ. "ಬರಿಯೋಕೆ ನನಗೆ ಬರಲ್ಲ. ಹೇಳೋಕೆ ಬರುತ್ತೆ, ಹೇಳಿದೀನಿ" ಎಂದು ಇಳಿದು ಬಂದಳಂತೆ. ನನ್ನ ತಂಗಿ! ಚಿಕ್ಕವಳಿದ್ದಾಗ ಜಿರಲೆ ಕಂಡರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದವಳು.

ನಿಮ್ಮಮ್ಮನಿಗೆ ಅವಳ ಸ್ಥಾನ ವಾಪಸು ಬಂತು, ಜೊತೆಗೆ ತಪ್ಪು ಹೇಳಿಕೆ ಕೊಟ್ಟದ್ದಕ್ಕೆ ಒಂದು ಎಚ್ಚರಿಕೆಯೂ ಬಂತು. ಸಂತೋಷಪಡುತ್ತಾಳೆ ಎಂದುಕೊಂಡೆ. ಎಲ್ಲಿ! ಬಾಗಿಲಲ್ಲೇ ಚಪ್ಪಲಿ ಎಸೆದು, "ಅಷ್ಟು ಕಷ್ಟಪಟ್ಟು ಅಪರಾಧಿ ಆಗಿದ್ದೆ, ಎಲ್ಲಾ ಹಾಳು ಮಾಡಿಬಿಟ್ಲು" ಎಂದು ಕೂತು ಅತ್ತಳು. ಸಮಾಧಾನ ಮಾಡಲು ಹೋದರೆ, ನಿಮ್ಮ ವಂಶದವರಿಗೆ ಸುಮ್ಮನಿರಲು ಬರುವುದಿಲ್ಲ ಎಂದಳು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ನನಗೆ ಹೇಳುವ ಮಾತೇ ಇದು? ಈಗ ಎದ್ದು ಮುಖ ತೊಳೆದು, ಟೈಪಿಸ್ಟ್ ಮೇಡಂ ಮನೆಗೆ ಹೋಗಿ, ಯಾವ ಯಾವ ಪದ ಹಿಂದೆ ಕೂತರೆ ಬೇರೆ ಅರ್ಥ ಬರುತ್ತದೆ ಎಂದು ಕೇಳಿ ಕಲಿಯುತ್ತಿದ್ದಾಳೆ. ಬಿಡುವ ಜಾತಿಯವಳಲ್ಲ. ನೀನೂ ಇನ್ನು ಮೇಲೆ ಯಾರಿಗಾದರೂ ಪಾಠ ಹೇಳಿದರೆ 'ಕೆಲವು' ಎಂದು ಹೇಳಿ ಬಸ್ಸು ಹತ್ತಬೇಡ.

ಕಿವಿಗೆ ಹತ್ತಿ ಇಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿನ ಅಡುಗೆಯವರಿಗೆ, ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ನೀನು ಅಳೆಯುವ ಗಾಳಿಯೆಲ್ಲ ನಿನ್ನ ಪಾಲಿಗೆ ಮೆತ್ತಗೆ ಬೀಸಲಿ.

ಇಂತು ನಿನ್ನ
ಅಪ್ಪ

ತಾ. ಕ.: ಜೀಪು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತೇನೆ. ಇದನ್ನು ಮೊದಲೇ ಹೇಳಬೇಕಿತ್ತು, ಹೇಗೆ ಕೇಳುವುದೋ ತಿಳಿಯದೆ ಇಷ್ಟುದ್ದ ಬರೆದೆ. ನಿನ್ನ ಅತ್ತೆಯನ್ನು ಕೆಲಸದಿಂದ ತೆಗೆದಿದ್ದಾರೆ. ಮಾರ್ಕೆಟಿನ ಹಿಂದಿನ ಕೋಣೆ ಬಿಟ್ಟಾಯಿತು. ನಿಮ್ಮಮ್ಮನೇ ಹೋಗಿ, ಬೈದು, ಕೈ ಹಿಡಿದು ಎಳೆದುಕೊಂಡು ಬಂದಿದ್ದಾಳೆ. ನಿನ್ನ ಕೋಣೆಯನ್ನು ಅವಳಿಗೆ ಕೊಡೋಣ ಎಂದು ನಿಮ್ಮಮ್ಮ ನಿನ್ನ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದ್ದೂ ಆಯಿತು, ಸಿಟ್ಟಾಗಬೇಡ. ಆದರೆ ನಿನ್ನ ಅತ್ತೆ ಒಳಗೆ ಕಾಲಿಡುತ್ತಿಲ್ಲ. "ಮಗು ಬಾಯಲ್ಲಿ ಹೂಂ ಅಂತ ಬರ್ಲಿ, ಅಲ್ಲೀವರೆಗೆ ನಡುಮನೇಲೇ ಇರ್ತೀನಿ" ಎನ್ನುತ್ತಾಳೆ. ಇದೇ ಜೀಪು ವಾಪಸು ಬರುವಾಗ ಅವಳ ಹೆಸರಿಗೆ ಒಂದು ಸಾಲು ಬರೆದು ಕಳಿಸು, ಕನ್ನಡದಲ್ಲೇ. ನಿನ್ನ ಬಾಗಿಲ ಪಕ್ಕ ತನ್ನ ಟ್ರಂಕಿನ ಮೇಲೆ ಕೂತಿದ್ದಾಳೆ, ಅದರ ಬೀಗ ಇನ್ನೂ ತೆಗೆದಿಲ್ಲ.